ಕೋವಿಯ ಮರಕ್ಕೆ ನಳಿಗೆ ಕೂರಿಸುವ ಸ್ಕ್ರೇಪರ್: ಮಾಡಿಕೊಳ್ಳೋದಾ, ಕೊಳ್ಳೋದಾ?

ಮಂದಲಪಟ್ಟಿ ಮಂಜು:

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿ ಕಡೆಯವನು. ಈಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಲ್ಯಾಂಕಾಸ್ಟರ್ ಹತ್ತಿರ ಇದ್ದೇನೆ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್, ಹುಚ್ಚಿಗೆ ಮರಗೆಲಸ.

ಈ ಊರಿನ ಸುತ್ತಮುತ್ತ 1700ರ ದಶಕಗಳಲ್ಲಿ ಜರ್ಮನ್ ಮತ್ತು ಸ್ವಿಸ್ ವಲಸಿಗರು ಉದ್ದ ನಳಿಗೆಯ ಕೋವಿ ಮಾಡುತ್ತಿದ್ದರು. ಬಾಯಿಂದ ಮದ್ದು ತುಂಬಿ, ಚಕಮಕಿ ಕಲ್ಲಿನ ಕಿಡಿಯಿಂದ ಹೊಡೆಯುವಂಥದ್ದು. ಇಲ್ಲಿನ ಲ್ಯಾಂಡಿಸ್ ವ್ಯಾಲಿ ಮ್ಯೂಸಿಯಂನಲ್ಲಿ ಅವನ್ನು ನೋಡಿದ ದಿನವೇ ತಲೆಗೆ ಹತ್ತಿಬಿಟ್ಟಿತು. ಈ ರಾಜ್ಯದಲ್ಲಿ ಕ್ರಿಸ್‌ಮಸ್ ಆದ ಮೇಲೆ ಚಕಮಕಿ ಕೋವಿಗೆ ಅಂತಲೇ ಬೇರೆ ಜಿಂಕೆ ಬೇಟೆ ಕಾಲ ಇದೆ. 1974ರಿಂದ ನಡೆದುಬಂದಿದೆ. ನನಗೆ ಬೇಟೆಯ ಆಸೆ ಅಷ್ಟಿಲ್ಲ. ಒಂದು ಕೋವಿಯನ್ನು ನನ್ನ ಕೈಯಾರೆ ಜೋಡಿಸಬೇಕು, ಅಷ್ಟೆ.

ಕಿಟ್ ತರಿಸಿದ್ದೇನೆ. ನಳಿಗೆ 42 ಇಂಚು, ಎಂಟು ಮೂಲೆಯದು. ಬುಡದಲ್ಲಿ ದಪ್ಪ, ನಡುವೆ ಸಣ್ಣ ಸೊಂಟ, ಬಾಯಲ್ಲಿ ಮತ್ತೆ ಸ್ವಲ್ಪ ದಪ್ಪ. ಮರ ಅಲೆ ಅಲೆ ಗೆರೆಯ ಮೇಪಲ್. ನಳಿಗೆ ಕೂರುವ ಕಾಲುವೆಯನ್ನು ಮೆಷಿನ್‌ನಲ್ಲಿ ಒರಟಾಗಿ ಕೊರೆದು ಕಳಿಸಿದ್ದಾರೆ. ಉಳಿದದ್ದು ನಮ್ಮ ಪಾಡು. ನಳಿಗೆ ಬುಡದ ಹತ್ತಿರ ಸುಮಾರು 2 ಮಿ.ಮೀ. ಮೇಲೇ ನಿಂತಿದೆ. ಉಳಿ ಹಾಕಿದರೆ ಮೇಪಲ್‌ನ ಗೆರೆ ಎದುರು ತಿರುಗಿ ಚಕ್ಕೆ ಎದ್ದು ಬರುತ್ತಿದೆ. ಮೊನ್ನೆ ಬೆರಳುಗುರಿನಷ್ಟು ದೊಡ್ಡ ಚೂರು ಎದ್ದಿತು. ಆ ದಿನ ಊಟ ಸೇರಲಿಲ್ಲ.

ನಮ್ಮ ತಾತನ ಹತ್ತಿರ ಒಂದು ಕೇಪಿನ ಕೋವಿ ಇತ್ತು. ಕೈಲ್‌ಪೊಳ್ದ್, ಅಂದ್ರೆ ಕೊಡಗಿನ ಆಯುಧ ಪೂಜೆ ಹಬ್ಬದ ದಿನ ಅದನ್ನು ಇಳಿಸಿ, ಒರೆಸಿ, ಬಾಯಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗೆ ಇಡುವುದು ನನ್ನ ಕೆಲಸ. ಅದರಲ್ಲಿ ಕಬ್ಬಿಣ ಎಲ್ಲಿ ಮುಗಿಯುತ್ತೆ, ಮರ ಎಲ್ಲಿ ಶುರು ಅಂತ ಕಣ್ಣು ಮುಚ್ಚಿ ಸವರಿದರೆ ಗೊತ್ತಾಗುತ್ತಿರಲಿಲ್ಲ. ಹಾಗೆ ಕೂರಬೇಕು ಅನ್ನೋದು ನನ್ನ ಆಸೆ.

ಇದಕ್ಕೆ ಸ್ಕ್ರೇಪರ್, ಅಂದ್ರೆ ಮರವನ್ನು ತೆಳ್ಳಗೆ ಹೆರೆಯುವ ಉಕ್ಕಿನ ಸಾಧನ ಬೇಕು ಅಂತಾರೆ. ಅಂಗಡಿಯಲ್ಲಿ ನಾನಾ ಆಕಾರದ್ದು ಸಿಗುತ್ತೆ. ಬೆಲೆ ನೋಡಿದರೆ ಮನೆಯವಳಿಗೆ ಹೇಳೋಕೆ ಧೈರ್ಯ ಸಾಲದು. ಕೊಳ್ಳೋದಾ, ಮಾಡಿಕೊಳ್ಳೋದಾ? ಮಾಡೋದಾದರೆ ಯಾವ ಉಕ್ಕು, ಯಾವ ಆಕಾರ? ಗೊತ್ತಿದ್ದವರು ಹೇಳಿ.

---

ಹಲಸಿನ ಕೊಡ:

ಮಂಜು ಅವರೇ, ಕೋವಿ ನನಗೆ ಗೊತ್ತಿಲ್ಲ. ನಮ್ಮದು ವೀಣೆ ಕೆಲಸ. ಆದರೆ ಹಲಸಿನ ಮರದ ಕೊಡ ಒಳಗೆ ಹೊರಗೆ ಹೆರೆದು ಹೆರೆದೇ ನನ್ನ ಹೆಬ್ಬೆರಳು ಸೊಟ್ಟಗಾಗಿದೆ. ಹಾಗಾಗಿ ಎರಡು ಮಾತು.

ಚಿಕ್ಕಂದಿನಲ್ಲಿ ಕ್ರಿಕೆಟ್ ಬ್ಯಾಟನ್ನು ಗಾಜಿನ ಚೂರಲ್ಲಿ ಹೆರೆದಿಲ್ವಾ? ಅದೂ ಸ್ಕ್ರೇಪರ್ರೇ. ನಮ್ಮ ಅಪ್ಪ ಉಳಿಯ ಹಿಡಿಗಳನ್ನೆಲ್ಲ ಒಡೆದ ಕಿಟಕಿ ಗಾಜಲ್ಲೇ ನುಣುಪು ಮಾಡುತ್ತಿದ್ದರು. ಗಾಜಿನ ಅಂಚು ಹತ್ತು ನಿಮಿಷಕ್ಕೆ ಮೊಂಡಾಗುತ್ತೆ, ಬಿಸಾಕಿ ಇನ್ನೊಂದು ಒಡೆಯೋದು. ನಳಿಗೆಯ ಕಾಲುವೆ ಒಳಗೆ ಮಾತ್ರ ಗಾಜು ಬೇಡ. ಚೂರು ಮುರಿದು ಮರದಲ್ಲಿ ಕೂತರೆ ಆಮೇಲೆ ಉಳಿಯ ಬಾಯಿ ಹೋಗುತ್ತೆ.

ಹೊರಮೈಗೆ ಕಾರ್ಡ್ ಸ್ಕ್ರೇಪರ್, ಅಂದ್ರೆ ಕಾರ್ಡಿನ ಥರದ ತೆಳು ಉಕ್ಕಿನ ತಗಡು ಸಾಕು. ಅದನ್ನು ಕೊಂಡುಬಿಡಿ. ಬಾಕೋ ಕಂಪನಿಯ 0.8 ಮಿ.ಮೀ. ದಪ್ಪದ್ದು ನನ್ನ ಹತ್ತಿರ ಇದೆ, ಒಳ್ಳೆಯದು. ಇಲ್ಲಾಂದ್ರೆ ಹಳೇ ಕೈಗರಗಸದ ತಗಡು ಕತ್ತರಿಸಿಕೊಳ್ಳಿ. ಅದು ಅದಕ್ಕೇ ಹೇಳಿ ಮಾಡಿಸಿದ ಉಕ್ಕು. ತುಂಬ ಗಡಸೂ ಅಲ್ಲ, ಮೆತ್ತಗೂ ಅಲ್ಲ. ಅಂಚನ್ನು ಅರದಲ್ಲಿ ನೇರ ಮಾಡಿ, ಕಲ್ಲಿನ ಮೇಲೆ ಉಜ್ಜಿ, ಆಮೇಲೆ ಗಡಸು ಸರಳಿಗೆ ಒಂದು ಹನಿ ಎಣ್ಣೆ ಹಚ್ಚಿ ಅಂಚಿನ ಮೇಲೆ ಒತ್ತಿ ಎಳೆಯಬೇಕು. ಮೊದಲು ನೇರವಾಗಿ ಎರಡು ಸಲ. ಆಮೇಲೆ ಸರಳನ್ನು ಐದರಿಂದ ಹತ್ತು ಡಿಗ್ರಿ ವಾಲಿಸಿ ಎರಡು ಸಲ. ಅಂಚು ಕೊಕ್ಕೆಯ ಹಾಗೆ ಮಡಚುತ್ತೆ, ಉಗುರಿಗೆ ತಾಗುತ್ತೆ. ಕೊಯ್ಯೋದು ಆ ಕೊಕ್ಕೆಯೇ. ಹೆರೆದಾಗ ತೆಳ್ಳಗೆ ಸುರುಳಿ ಬರಬೇಕು. ಹೊಟ್ಟು ಬಂದರೆ ಕೊಕ್ಕೆ ಹೋಗಿದೆ ಅಂತ ಅರ್ಥ.

ಸ್ಯಾಂಡ್ ಪೇಪರ್ ಹತ್ತಿರಕ್ಕೂ ಸೇರಿಸಬೇಡಿ. ಕಬ್ಬಿಣ ಸೇರುವ ಕಡೆ ಮರದ ಅಂಚು ದುಂಡಗಾಗಿಬಿಡುತ್ತೆ. ನೀವು ಹೇಳಿದ ತಾತನ ಕೋವಿಯ ಗುಣ ಅಲ್ಲೇ ಹೋಯಿತು.

---

ಜಾಲಹಳ್ಳಿ ಫಿಟ್ಟರ್:

ಮಂಜು, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಸ್ಕ್ರೇಪರ್ ಕೊಳ್ಳಲಾ, ಮಾಡಲಾ ಅಂತ ಕೇಳಿದ್ದೀರಿ. ಎಲ್ಲಿ ಹೆರೆಯಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ? ಅದನ್ನು ಬರೆದೇ ಇಲ್ಲ. ಕಣ್ಣಂದಾಜಲ್ಲಿ ಹೆರೆಯುತ್ತಿದ್ದರೆ ಚಿನ್ನದ ಸ್ಕ್ರೇಪರ್ ತಂದರೂ ಅಷ್ಟೆ.

ನಾನು 31 ವರ್ಷ ಎಚ್‌ಎಂಟಿಯಲ್ಲಿದ್ದವನು. 1953ರಲ್ಲಿ ಸ್ವಿಸ್‌ನ ಓರ್ಲಿಕಾನ್ ಕಂಪನಿ ಜೊತೆ ಸೇರಿ ಶುರುವಾದ ಕಾರ್ಖಾನೆ ಅದು. ನಿಮ್ಮ ಲ್ಯಾಂಕಾಸ್ಟರ್‌ಗೂ ಸ್ವಿಸ್ ನಂಟು ಇರೋದು ಓದಿ ನಗು ಬಂತು. ನನ್ನ ಕೆಲಸ ಲೇತ್ ಬೆಡ್ ಸ್ಕ್ರೇಪಿಂಗ್. ಲೇತ್ ಮೆಷಿನ್ನಿನ ಎರಕದ ಕಬ್ಬಿಣದ ಹಾಸನ್ನು ಕೈಯಲ್ಲಿ ಹೆರೆಯೋದು. ನೇರ ಪಟ್ಟಿಗೆ ನೀಲಿ ಬಣ್ಣ ಹಚ್ಚಿ ಬೆಡ್ ಮೇಲೆ ಸರಿಸಿದರೆ ಉಬ್ಬಿದ ಕಡೆ ನೀಲಿ ಅಂಟುತ್ತೆ. ಅಲ್ಲಿ ಮಾತ್ರ ಹೆರೆದು, ಒರೆಸಿ, ಮತ್ತೆ ಹಚ್ಚೋದು. ಒಂದು ಚದರ ಇಂಚಿನಲ್ಲಿ ಇಪ್ಪತ್ತರ ಹತ್ತಿರ ಚುಕ್ಕೆ ಬರೋವರೆಗೂ ಇದೇ ಪಾಡು. ನಮ್ಮ ಮೇಷ್ಟ್ರು ಮೊದಲ ತಿಂಗಳು ಸ್ಕ್ರೇಪರ್ ಕೈಗೇ ಕೊಡಲಿಲ್ಲ. ನೀಲಿ ಹಚ್ಚು, ಒರೆಸು, ಹಚ್ಚು, ಒರೆಸು. ನನಗೆ ಅವಮಾನ ಅನ್ನಿಸಿತ್ತು. ನೀಲಿ ದಪ್ಪಗಿದ್ದರೆ ಎಲ್ಲ ಕಡೆ ಅಂಟುತ್ತೆ, ಸುಳ್ಳು ಹೇಳುತ್ತೆ ಅಂತ ಆಮೇಲೆ ತಿಳೀತು.

ಮರಕ್ಕೂ ಇದೇ ಲೆಕ್ಕ. 2018ರಲ್ಲಿ ಒಹಾಯೋದಲ್ಲಿ ಮಗಳ ಮನೆಯಲ್ಲಿ ಆರು ತಿಂಗಳು ಇದ್ದೆ. ಪಕ್ಕದ ಮನೆಯ ಮುದುಕರು ಗ್ಯಾರೇಜಿನಲ್ಲಿ ಇದೇ ಥರದ ಉದ್ದ ಕೋವಿ ಮಾಡುತ್ತಿದ್ದರು. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಅವರಿಗೆ ಕಿವಿ ಅಷ್ಟಕ್ಕಷ್ಟೆ. ಸ್ಕ್ರೇಪರ್ ಹಿಡಿದ ಮೇಲೆ ಮಾತು ಬೇಕಾಗಲಿಲ್ಲ. ಒಂದು ದಿನ ಜಾಣತನ ತೋರಿಸೋಕೆ ಹೋಗಿ ನಳಿಗೆಗೆ ನನ್ನ ಪ್ರಷ್ಯನ್ ಬ್ಲೂ, ಅದೇ ನೀಲಿ ಬಣ್ಣ, ಹಚ್ಚಿದೆ. ಮೇಪಲ್ ಬಿಳಿ ಮರ. ನೀಲಿಯನ್ನು ಹೀರಿಕೊಂಡುಬಿಟ್ಟಿತು. ಮುದುಕರು ಏನೂ ಅನ್ನಲಿಲ್ಲ. ಎರಡು ದಿನ ಕಾಫಿಗೂ ಕರೀಲಿಲ್ಲ.

ಅವರು ಬಳಸುತ್ತಿದ್ದದ್ದು ದೀಪದ ಮಸಿ. ಸೀಮೆಎಣ್ಣೆ ದೀಪದ ಬತ್ತಿ ಏರಿಸಿ, ಆ ಹೊಗೆಗೆ ನಳಿಗೆಯ ಕೆಳಮೈ ಹಿಡಿಯೋದು. ತೆಳ್ಳಗೆ ಕಪ್ಪು ಕೂರುತ್ತೆ. ನೇರವಾಗಿ ಇಳಿಸಿ, ಮೇಲಿಂದ ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ನೇರವಾಗಿಯೇ ಎತ್ತಬೇಕು. ಅಲ್ಲಾಡಿಸಿ ಎತ್ತಿದರೆ ಪಕ್ಕದ ಗೋಡೆಗೆಲ್ಲ ಮಸಿ ತಾಗಿ ಮೋಸ ಆಗುತ್ತೆ. ಕಪ್ಪು ಚುಕ್ಕೆ ಇರುವಲ್ಲಿ ಮಾತ್ರ ಹೆರೆಯಿರಿ. ಮತ್ತೆ ಇಳಿಸಿ. ನಲವತ್ತು, ಐವತ್ತು ಸಲ ಆಗುತ್ತೆ, ಬೇಜಾರಾಗಬೇಡಿ.

ಈಗ ಸ್ಕ್ರೇಪರ್. ಅವರಿಗೆ ನಾನು ಮೂರು ಮಾಡಿಕೊಟ್ಟೆ.

ಒಂದನೆಯದು ಚಪ್ಪಟೆ. ಪವರ್ ಹ್ಯಾಕ್ಸಾ, ಅಂದ್ರೆ ಕಬ್ಬಿಣ ಕೊಯ್ಯುವ ಮೆಷಿನ್ ಗರಗಸದ ಬ್ಲೇಡ್ ತುಂಡು, ಸುಮಾರು 2 ಮಿ.ಮೀ. ದಪ್ಪದ್ದು. ಹೈಸ್ಪೀಡ್ ಉಕ್ಕಿನದೇ ಆರಿಸಿ. ಗ್ರೈಂಡರಿನಲ್ಲಿ ಬಿಸಿಯಾದರೂ ಅದರ ಹದ ಸುಲಭಕ್ಕೆ ಹೋಗಲ್ಲ. ಗರಗಸದ ತಗಡಾದರೆ ಬಿಸಿಗೆ ಉಕ್ಕು ನೀಲಿ ಬಣ್ಣಕ್ಕೆ ತಿರುಗಿತು ಅಂದ್ರೆ ಮುಗೀತು, ಆ ಜಾಗ ಮೆತ್ತಗಾಯಿತು. ಅಗಲ ಎಷ್ಟಿರಬೇಕು? 1 ಇಂಚು ದಪ್ಪದ ಎಂಟು ಮೂಲೆ ನಳಿಗೆಯ ಒಂದು ಮುಖ ಸುಮಾರು 10.5 ಮಿ.ಮೀ. ಬರುತ್ತೆ. ನಿಮ್ಮದು ಸೊಂಟದಲ್ಲಿ ಇನ್ನೂ ಸಣ್ಣ. ಹಾಗಾಗಿ ಸ್ಕ್ರೇಪರ್ 7 ಮಿ.ಮೀ. ಇರಲಿ, ಎಲ್ಲ ಕಡೆ ನಡೆಯುತ್ತೆ. ಅಂಚು ಸರಿಯಾಗಿ 90 ಡಿಗ್ರಿ. ವೀಣೆಯವರು ಹೇಳಿದ ಕೊಕ್ಕೆ ಇದಕ್ಕೆ ಬೇಡ. ಈ ಉಕ್ಕು ಗಡಸು, ಮಡಚೋಕೆ ಹೋದರೆ ಅಂಚು ಉದುರುತ್ತೆ. ಎರಡೂ ಮುಖ ಎಣ್ಣೆಕಲ್ಲಿನ ಮೇಲೆ ಕನ್ನಡಿಯಾಗೋವರೆಗೆ ಉಜ್ಜಿ. ನಿಮ್ಮ ಕಡೆಗೆ ಎಳೆದು ಹೆರೆಯಿರಿ. ಮೇಪಲ್‌ನ ಅಲೆಗೆ ನೇರ ಅಡ್ಡ ಬೇಡ, ಸ್ವಲ್ಪ ಓರೆ ಹಿಡಿಯಿರಿ.

ಎರಡನೆಯದು ಮೂಲೆಗೆ. ಎಂಟು ಮೂಲೆ ಅಂದ್ರೆ ಒಳಮೂಲೆ 135 ಡಿಗ್ರಿ. ಸ್ಕ್ರೇಪರ್ ತುದಿ 130 ಮಾಡಿ. ಆಗ ಒಂದು ಸಲಕ್ಕೆ ಒಂದೇ ಗೋಡೆ ಕೊಯ್ಯುತ್ತೆ. ಜೊತೆಗೆ ನಳಿಗೆಯ ಕೆಳಗಿನ ಚೂಪು ಮೂಲೆಗಳ ಮೇಲೆ ಅರವನ್ನು ಒಂದೆರಡು ಸಲ ಹಗುರವಾಗಿ ಎಳೆದುಬಿಡಿ. ಹೊರಗೆ ಯಾರಿಗೂ ಕಾಣಲ್ಲ, ಅರ್ಧ ಕೆಲಸ ಉಳಿಯುತ್ತೆ.

ಮೂರನೆಯದು ದುಂಡನೆಯ ಬಿಲ್ಲೆ, ಮದ್ದು ಜಡಿಯುವ ಕೋಲಿನ ಕಾಲುವೆಗೆ. ಕೋಲು 3/8 ಇಂಚಿನದಾದರೆ ಬಿಲ್ಲೆ 9 ಮಿ.ಮೀ. ಸಾಕು. ಇದನ್ನು ಎಣ್ಣೆಯಲ್ಲಿ ಹದ ಹಾಕುವ ಡ್ರಿಲ್ ರಾಡ್ ಅನ್ನೋ ಉಕ್ಕಿನ ಸರಳಿನಿಂದ ಮಾಡಿದೆ. ಕೆಂಪಗೆ ಕಾಯಿಸಿ, ಅಯಸ್ಕಾಂತ ಹಿಡಿಯದೆ ಬಿಟ್ಟ ಮೇಲೆ ಇನ್ನೂ ಸ್ವಲ್ಪ ಹೊತ್ತು ಕಾಯಿಸಿ, ಎಣ್ಣೆಗೆ ಅದ್ದೋದು. ಹಾಗೇ ಬಿಟ್ಟರೆ ಗಾಜಿನ ಹಾಗೆ ಒಡೆಯುತ್ತೆ. ಅದಕ್ಕೆ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟು ಹದ ಇಳಿಸಬೇಕು. ಮಗಳ ಓವನ್‌ನಲ್ಲಿ ಇಟ್ಟೆ. ಎಣ್ಣೆ ಸರಿಯಾಗಿ ಒರೆಸಿರಲಿಲ್ಲ. ಆ ವಾರ ಮಾಡಿದ ಕೇಕ್‌ಗೆಲ್ಲ ವರ್ಕ್‌ಶಾಪ್ ವಾಸನೆ.

ಇನ್ನು ಕೊಳ್ಳೋ ವಿಚಾರ. ಗನ್‌ಲೈನ್ ಕಂಪನಿಯ ಬ್ಯಾರಲ್ ಬೆಡ್ಡಿಂಗ್ ಟೂಲ್ ಅಂತ ಬರುತ್ತೆ. ಸರಳಿನ ಮೇಲೆ ಚೂಪು ಬಿಲ್ಲೆಗಳ ಸಾಲು. ಒಳ್ಳೆ ಸಾಮಾನು. ಆದರೆ ಅದು ದುಂಡು ನಳಿಗೆಗೆ, ನಿಮ್ಮದಕ್ಕೆ ಉಪಯೋಗವಿಲ್ಲ. ಆ ದುಡ್ಡು ಉಳಿಸಿ.

---

ಮಂದಲಪಟ್ಟಿ ಮಂಜು:

ಫಿಟ್ಟರ್ ಸರ್, ನಿಜ. ನಾನು ಪೆನ್ಸಿಲಲ್ಲಿ ಗುರುತು ಮಾಡಿ ಅಂದಾಜಿಗೆ ಹೆರೆಯುತ್ತಿದ್ದೆ. ಹೇಳೋಕೇ ನಾಚಿಕೆ. ಒಂದು ಸಣ್ಣ ಪ್ರಶ್ನೆ. ಮಸಿ ಬದಲು ಲಿಪ್‌ಸ್ಟಿಕ್ ಬಳಸ್ತಾರೆ ಅಂತ ಇಲ್ಲಿ ಒಬ್ಬರು ಹೇಳಿದರು. ನಡೆಯುತ್ತಾ? ಮತ್ತೆ ಎಲ್ಲ ಕಡೆ ಪೂರ್ತಿ ಕಪ್ಪು ತಾಗಬೇಕಾ?

---

ಜಾಲಹಳ್ಳಿ ಫಿಟ್ಟರ್:

ಲಿಪ್‌ಸ್ಟಿಕ್ ನಡೆಯುತ್ತೆ, ಬಳಸುವವರಿದ್ದಾರೆ. ಬೆರಳಲ್ಲಿ ತಿಕ್ಕಿ ತಿಕ್ಕಿ ಬರೀ ನೆರಳಿನಷ್ಟು ಉಳಿಸಬೇಕು. ಯಾರದ್ದು ತಗೊಂಡಿರಿ ಅಂತ ಮಾತ್ರ ಮನೇಲಿ ಮೊದಲೇ ಹೇಳಿ.

ಪೂರ್ತಿ ಕಪ್ಪು ಬೇಡ. ಮುಕ್ಕಾಲು ಭಾಗ ಸಮವಾಗಿ ತಾಗಿದರೆ ನಿಲ್ಲಿಸಿ. ಅದರ ಮೇಲೆ ಹೆರೆಯೋದು ಆಸೆಬುರುಕತನ. ನಳಿಗೆ ಕೆಳಗೆ ಇಳಿಯುತ್ತಾ ಹೋಗುತ್ತೆ, ಪಕ್ಕದ ಗೋಡೆಯಲ್ಲಿ ಸಂದು ಬಿಡುತ್ತೆ. ಬುಡದ ಭಾಗ ಚೆನ್ನಾಗಿ ಕೂರೋದು ಮುಖ್ಯ. ಮದ್ದು ಸಿಡಿದಾಗ ಹಿಂದಕ್ಕೆ ಒದೆಯೋದು ಅಲ್ಲಿ.

---

ಸೋಮವಾರಪೇಟೆ ಹುಡುಗ:

ಅಣ್ಣಂದಿರಾ, ನಡುವೆ ಬಾಯಿ ಹಾಕ್ತೀನಿ. ನಮ್ಮ ಅಜ್ಜನ ಜೋಡುನಳಿಗೆ ಕೋವಿ ಇದೆ. ಲೈಸೆನ್ಸ್ ಈಗ ಅಪ್ಪನ ಹೆಸರಲ್ಲಿದೆ. ಮರದ ತಲೆ ಸಡಿಲ ಆಗಿದೆ. ಮೇಲಿನ ಕಬ್ಬಿಣದ ನಾಲಗೆ ಮುಗಿಯುವಲ್ಲಿ ಹಿಂದಕ್ಕೆ ಎರಡು ಇಂಚು ಬಿರುಕು ಬಿಟ್ಟಿದೆ. ಇದೇ ಥರ ಸ್ಕ್ರೇಪರ್ ಮಾಡಿಕೊಂಡು ನಾನೇ ಹೊಸ ಮರ ಕೂರಿಸಬಹುದಾ? ತೋಟದಲ್ಲಿ ಒಣಗಿದ ಬೀಟೆ ಹಲಗೆ ಇದೆ.

---

ಜಾಲಹಳ್ಳಿ ಫಿಟ್ಟರ್:

ತಮ್ಮಾ, ಬೇಡ. ಬೀಟೆ ಹಲಗೆಯಲ್ಲಿ ಅಮ್ಮನಿಗೊಂದು ಮಣೆ ಮಾಡಿಕೊಡು.

ಬಿರುಕು ಯಾಕೆ ಬಂತು ಅಂತ ಹೇಳ್ತೀನಿ. ತೋಟಾ ಕೋವಿ ಹಿಂದಕ್ಕೆ ಒದೆಯೋದು ಜೋರು. ಆ ಒದೆತವನ್ನು ಮರದ ತಲೆಯ ಅಗಲವಾದ ಮುಖ ಹೊರಬೇಕು. ನಾಲಗೆಯ ತುದಿಯ ಹಿಂದೆ ಕೂದಲೆಳೆಯಷ್ಟು ಸಂದು ಬಿಟ್ಟಿರಬೇಕು. ಮರದ ತಲೆ ಮೆತ್ತಗಾದರೆ ಕಬ್ಬಿಣ ಹಿಂದೆ ಸರಿದು, ನಾಲಗೆಯ ತುದಿ ಬೆಣೆಯ ಹಾಗೆ ಮರ ಸೀಳುತ್ತೆ. ಮೆತ್ತಗಾಗೋದು ಯಾಕೆ? ಕೋವಿಗೆ ಎಣ್ಣೆ ಸುರಿದು, ನಳಿಗೆ ಮೇಲೆ ಮಾಡಿ ಮೂಲೆಯಲ್ಲಿ ನಿಲ್ಲಿಸ್ತಾರಲ್ಲ, ವರ್ಷಗಟ್ಟಲೆ ಎಣ್ಣೆ ಇಳಿದಿಳಿದು ಮರದ ತಲೆಗೇ ಸೇರುತ್ತೆ. ಮನೆಗೆ ಹೋಗಿ ನೋಡು, ಆ ಜಾಗ ಕರ್ರಗಾಗಿರುತ್ತೆ.

---

ಮಂದಲಪಟ್ಟಿ ಮಂಜು:

ಕಾನೂನಿನ ಮಾತನ್ನು ನಾನು ಸೇರಿಸ್ತೀನಿ, ನಮ್ಮ ಕಡೆ ಇದರಲ್ಲಿ ತುಂಬ ಗೊಂದಲ ಇದೆ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇರೋದು ಕೋವಿ ಇಟ್ಟುಕೊಳ್ಳೋಕೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಆದರೆ ರಿಪೇರಿ ಬೇರೆ ವಿಷಯ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ತಯಾರಿಕೆ, ಮಾರಾಟದ ಜೊತೆ ರಿಪೇರಿಗೂ ಲೈಸೆನ್ಸ್ ಬೇಕು. ಹಾಗಾಗಿ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರವೇ ಕೊಡಿ. ಅಲ್ಲಿವರೆಗೆ ಆ ಬಿರುಕಿನ ಕೋವಿಯಲ್ಲಿ ಗುಂಡು ಹಾರಿಸಬೇಡಿ. ಪೂಜೆಗೆ ಇಟ್ಟರೆ ಸಾಕು.

ನಾನು ಇಲ್ಲಿ ಮಾಡ್ತಿರೋದನ್ನು ನೋಡಿ ಅಲ್ಲಿ ಮಾಡೋಕೆ ಹೋಗಬೇಡಿ. ಬಾಯಿಂದ ಮದ್ದು ತುಂಬುವ ಈ ಚಕಮಕಿ ಕೋವಿಗಳನ್ನು ಅಮೆರಿಕದ ಕೇಂದ್ರ ಕಾನೂನು ಪುರಾತನ ಆಯುಧದ ಲೆಕ್ಕಕ್ಕೆ ಸೇರಿಸುತ್ತೆ, ಹೊಸದಾಗಿ ಮಾಡಿದ ನಕಲನ್ನೂ ಸೇರಿಸಿ. ಅದಕ್ಕೇ ಕಿಟ್ ಮನೆಗೆ ಬರುತ್ತೆ.

---

ಮಂದಲಪಟ್ಟಿ ಮಂಜು, ಐದು ವಾರದ ನಂತರ:

ವರದಿ ಒಪ್ಪಿಸ್ತಿದ್ದೇನೆ.

ಚಪ್ಪಟೆ ಸ್ಕ್ರೇಪರ್ ಮತ್ತು ಮೂಲೆ ಸ್ಕ್ರೇಪರ್ ನಾನೇ ಮಾಡಿದೆ. ಇಲ್ಲಿ ಹಳೇ ಸಾಮಾನಿನ ಸಂತೆಯಲ್ಲಿ ಪವರ್ ಹ್ಯಾಕ್ಸಾ ಬ್ಲೇಡ್ ಎರಡು ಡಾಲರಿಗೆ ಸಿಕ್ಕಿತು. ಮೊದಲನೇ ಸ್ಕ್ರೇಪರ್ ಕೆಟ್ಟಿತು, ಅಂಚು ಓರೆ ಬಂತು. ಎರಡನೆಯದು ಚೆನ್ನಾಗಿದೆ. ಹಿಡಿಗೆ ಕಾಫಿ ಗಿಡದ ಕೊಂಬೆ. ಹೋದ ಸಲ ಊರಿಂದ ಸುಮ್ನೆ ತಂದಿಟ್ಟಿದ್ದೆ. ಕಾರ್ಡ್ ಸ್ಕ್ರೇಪರ್ ಕೊಂಡೆ. ಕೊಕ್ಕೆ ಮಡಚೋಕೆ ಕಲಿಯಲು ಒಂದು ಇಡೀ ಭಾನುವಾರ ಬೇಕಾಯಿತು. ಮೊದಲ ಸಲ ಕಾಗದದಂಥ ಸುರುಳಿ ಬಂದಾಗ ಮಗಳನ್ನು ಕೂಗಿ ಕರೆದು ತೋರಿಸಿದೆ. ಅವಳು ನೋಡಿ, ಸರಿ ಅಪ್ಪ, ಅಂತ ಹೋದಳು.

ಗ್ಯಾರೇಜಲ್ಲಿ ಸೀಮೆಎಣ್ಣೆ ದೀಪ ಹಚ್ಚಿ ಮಸಿ ಹಿಡಿಯುವಾಗ ಹೊಗೆಯ ಅಲಾರಂ ಹೊಡಕೊಂಡು ಬೀದಿಯೆಲ್ಲ ಎದ್ದಿತು. ಈಗ ಅಂಗಳದಲ್ಲಿ ಹಿಡಿದು ಒಳಗೆ ತರ್ತೀನಿ. ಲೆಕ್ಕ ಇಟ್ಟಿದ್ದೇನೆ, ನಳಿಗೆ ಇಳಿಸಿ ಎತ್ತಿದ್ದು 63 ಸಲ.

ಒಂದು ತಪ್ಪಾಗಿದೆ. ಮೂವತ್ತನೇ ಸಲದ ಹೊತ್ತಿಗೆ ಕೈ ಸೋತು, ನಳಿಗೆಯನ್ನು ಅಲ್ಲಾಡಿಸಿ ಎತ್ತಿದ್ದೇನೆ. ಎಡಗೋಡೆಗೆ ತಾಗಿದ ಸುಳ್ಳು ಮಸಿಯನ್ನು ನಿಜ ಅಂತ ನಂಬಿ ಹೆರೆದೆ. ಬುಡದ ಹತ್ತಿರ ಎರಡು ಇಂಚು ಉದ್ದ, ಒಂದು ಕಾಗದ ತೂರುವಷ್ಟು ಸಂದು. ನೀವು ಎಚ್ಚರಿಸಿದ್ದ ತಪ್ಪೇ. ಅದೇ ಮರದ ತೆಳು ಸುರುಳಿ ಅಂಟಿಸಿ ಮುಚ್ಚಲಾ, ಹಾಗೇ ಬಿಡಲಾ? ತಳ ಮಾತ್ರ ಚೆನ್ನಾಗಿ ಕೂತಿದೆ. ಬಲಗಡೆ ಕಣ್ಣು ಮುಚ್ಚಿ ಸವರಿದರೆ ಗೊತ್ತಾಗಲ್ಲ. ಎಡಗಡೆ ಗೊತ್ತಾಗುತ್ತೆ.

---

ಹಲಸಿನ ಕೊಡ:

ಅಂಟಿಸಿ. ಆದರೆ ಗೆರೆಯ ದಿಕ್ಕು ಸೇರಿಸಿ ಅಂಟಿಸಿ. ಹೊರಗಿನ ಮರ ಅಂತಿಮವಾಗಿ ಹೆರೆಯುವಾಗ ಮೇಲಂಚು ಇನ್ನೂ ಕೆಳಗೆ ಬರುತ್ತೆ ಅಲ್ವಾ? ಆಗ ಸಂದು ಅರ್ಧ ಹೋಗಿಯೇ ಹೋಗುತ್ತೆ. ಅಲ್ಲಿವರೆಗೆ ಕಾದು ನೋಡಿ ಆಮೇಲೆ ಅಂಟು ಮುಟ್ಟಿ. ವೀಣೆಗೆ ಮೆಟ್ಟಿಲು ಕೂರಿಸುವ ಕಪ್ಪು ಮೇಣದಲ್ಲಿ ನಾವು ಎಷ್ಟೋ ಪಾಪ ಮುಚ್ಚಿದ್ದೇವೆ, ಬಿಡಿ.

---

ಜಾಲಹಳ್ಳಿ ಫಿಟ್ಟರ್:

ವೀಣೆಯವರ ಮಾತು ಸರಿ, ಕಾಯಿರಿ. ಈಗ ಕುದುರೆ ಲಾಕ್, ಅಂದ್ರೆ ಕಿಡಿ ಹೊಡೆಯುವ ಭಾಗ, ಕೂರಿಸೋಕೆ ಹೊರಡ್ತೀರಿ ಅಂತ ಗೊತ್ತು. ಅವಸರ ಬೇಡ. ಒಳಗಿನ ಸ್ಪ್ರಿಂಗ್, ಕುದುರೆ, ಎಲ್ಲ ಬಿಚ್ಚಿ ಬರೀ ತಗಡನ್ನು ಮೊದಲು ಇಳಿಸಿ. ತಗಡಿನ ಅಂಚನ್ನು ಒಳಮುಖಕ್ಕೆ ಚೂರೇ ಚೂರು ಇಳಿಜಾರು ಮಾಡಿಕೊಳ್ಳಿ, ಆಗ ಇಳಿದಷ್ಟೂ ಬಿಗಿಯಾಗುತ್ತೆ. ತಗಡು ಕೂತ ಮೇಲೆ ಒಂದೊಂದೇ ಭಾಗ ಸೇರಿಸಿ ಮಸಿ ನೋಡಿ ಹೆರೆಯಿರಿ. ಅಲ್ಲಿಗೆ 7 ಮಿ.ಮೀ. ಸ್ಕ್ರೇಪರ್ ದೊಡ್ಡದಾಯಿತು. ಅದೇ ಬ್ಲೇಡಿನಿಂದ 3 ಮಿ.ಮೀ.ದು ಒಂದು ಮಾಡಿಕೊಳ್ಳಿ. ಕಾಫಿ ಕೊಂಬೆ ಇನ್ನೊಂದು ತುಂಡು ಉಳಿದಿದೆಯಾ?